ತಮಾಷೆಗೆ ಹೇಳಿದ್ದು

ದಾಂಡೇಲಿಯ ಬಸ್ ನಿಲ್ದಾಣದಲ್ಲಿ ಅರ್ಧ ತಾಸು ನಿಂತರೆ ಕನ್ನಡ, ಕೊಂಕಣಿ, ಮರಾಠಿ, ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಎಲ್ಲೆಲ್ಲಿಂದಲೋ ಜನರನ್ನು ಕರೆತಂದು ಬೆಳೆಸಿದ ಊರು ಇದು. ಇಂಥ ಊರಿನಲ್ಲಿ ಭಾಷೆ ಬಾರದೆ ಆಗುವ ಮನಸ್ತಾಪಕ್ಕಿಂತ, ಭಾಷೆ ಬಂದರೂ ತಮಾಷೆ ತಿಳಿಯದೆ ಆಗುವ ಮನಸ್ತಾಪವೇ ಹೆಚ್ಚೆಂದು ನನಗನ್ನಿಸುತ್ತದೆ. ಹಳಿಯಾಳ, ಧಾರವಾಡ ಕಡೆಯ ಗೆಳೆಯ ಸಲುಗೆ ಬೆಳೆದಷ್ಟೂ ಜೋರಾಗಿ ಬೈಯುತ್ತಾನೆ. ‘ಏನಲೇ, ಇನ್ನೂ ಬದುಕಿ ಅದೀಯೇನ?’ ಎಂಬುದು ಅಲ್ಲಿ ಕುಶಲಪ್ರಶ್ನೆ. ಶಿರಸಿ ಸೀಮೆಯಿಂದ ಬಂದವರಿಗೆ ಅದು ಎದೆಗೇ ತಾಗುತ್ತದೆ. ಅವರ ಚೇಷ್ಟೆ ಮೆಲುದನಿಯದು. ಮುಖದ ಗೆರೆ ಅಲುಗದೆ ಬರುವಂಥದು. ತನ್ನನ್ನೇ ಕುಟುಕಿದರೆಂದು ಹಳಿಯಾಳದವನಿಗೆ ಗೊತ್ತಾಗುವುದು ಮನೆ ಸೇರಿದ ಮೇಲೆ!

ಇಂಗ್ಲಿಷ್ ಆಡುವ ದೇಶಗಳ ಸಂಸಾರವೂ ಹೀಗೇ. ಆಸ್ಟ್ರೇಲಿಯಾದವರು ಗೆಳೆಯನನ್ನು ಹಳಿಯಾಳದವರಂತೆ ಮುಖಕ್ಕೇ ಗೇಲಿ ಮಾಡುತ್ತಾರೆ. ಇಂಗ್ಲೆಂಡಿನವರು ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರೆ. ಬಿಬಿಸಿಯಲ್ಲಿ 2001ರಲ್ಲಿ ಬಂದ ‘ದಿ ಆಫೀಸ್’ ಧಾರಾವಾಹಿಯಲ್ಲಿ, ತಾನು ಮಹಾ ವಿನೋದಿಯೆಂದು ನಂಬಿದ ಒಬ್ಬ ಸಾಹೇಬನಿದ್ದ. ಅವನ ಮುಂದೆ ನಗಲೂ ಆಗದೆ ಏಳಲೂ ಆಗದೆ ಕುಳಿತ ಸಿಬ್ಬಂದಿ. ಅಮೆರಿಕದವರು 2005ರಲ್ಲಿ ಅದನ್ನೇ ತಮ್ಮಲ್ಲಿ ಮಾಡಿದಾಗ ಆ ಕಹಿ ಅಲ್ಲಿಯವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಎರಡನೆಯ ಸರಣಿಯಿಂದ ಸಾಹೇಬನಿಗೆ ಒಂದಿಷ್ಟು ಒಳ್ಳೆಯತನ ಬೆರೆಸಿದರು, ಜನ ಒಲಿದರು.

ಮುಂಡಗೋಡದ ಟಿಬೆಟಿಯನ್ ವಸಾಹತಿಗೆ ಹೋದವರು ಇನ್ನೊಂದು ಬಗೆಯನ್ನು ಕಂಡಿರುತ್ತಾರೆ. 1966ರಲ್ಲಿ ಆರಂಭವಾದ ಆ ವಸಾಹತಿನ ದ್ರೆಪುಂಗ್, ಗಾಂಡೆನ್ ವಿಹಾರಗಳಲ್ಲಿ ಭಿಕ್ಷುಗಳು ಶಾಸ್ತ್ರಾರ್ಥಕ್ಕೆ ನಿಂತರೆ ಕಾಲು ಅಪ್ಪಳಿಸುತ್ತಾರೆ, ಎದುರಾಳಿಯ ಮೂಗಿನ ಮುಂದೆ ಚಪ್ಪಾಳೆ ತಟ್ಟುತ್ತಾರೆ, ಅವನು ತೊದಲಿದರೆ ಸುತ್ತ ಕೂತವರು ಗೊಳ್ಳೆಂದು ನಗುತ್ತಾರೆ. ಹೊಸಬರಿಗೆ ಜಗಳವೆನಿಸೀತು. ಅದು ಅವರ ಪಾಠಕ್ರಮ. ನಕ್ಕವನ ಸರದಿಯೂ ನಾಳೆ ಬರುವುದರಿಂದ ಅಲ್ಲಿ ಯಾರೂ ಸಣ್ಣವರಾಗುವುದಿಲ್ಲ.

ಆದರೆ ಎಲ್ಲವನ್ನೂ ‘ಅವರವರ ಪದ್ಧತಿ’ ಎಂದು ಬಿಡಲಾಗದು. ಹಳಿಯಾಳ, ಮುಂಡಗೋಡದ ಸಿದ್ದಿ ಜನರ ಪೂರ್ವಜರು ಆಫ್ರಿಕಾದಿಂದ ಬಂದು ಶತಮಾನಗಳಾದವು. ಅವರ ಮಕ್ಕಳು ಆಡುವುದು ಕೊಂಕಣಿ, ಕನ್ನಡ. ಆದರೂ ಪೇಟೆಯಲ್ಲಿ ಯಾರೋ ಅವರ ಗುಂಗುರು ಕೂದಲು ನೋಡಿ ‘ಯಾವ ದೇಶ?’ ಎಂದು ಕೇಳಿ ನಗುತ್ತಾರೆ. ಜೋಯಿಡಾದ ಕುಣಬಿಗಳನ್ನು ‘ಕಾಡಿನವರು’ ಎಂದು ಆಡಿಕೊಳ್ಳುವವರೂ ಇದ್ದಾರೆ. (ಗೆಡ್ಡೆ–ಗೆಣಸು ಮೇಳದ ದಿನ ಅದೇ ಕುಣಬಿಗಳ ಮುಂದೆ ಚೀಲ ಹಿಡಿದು ನಿಲ್ಲುವುದು ಪೇಟೆಯವರೇ.) ತಿರುಗಿ ಅದೇ ಸಲುಗೆಯಲ್ಲಿ ಉತ್ತರ ಕೊಡುವ ಅವಕಾಶ ಎದುರಿನವರಿಗೆ ಇಲ್ಲದಿದ್ದರೆ ಅದು ವಿನೋದವಲ್ಲ, ಅವಮಾನ. ‘ತಮಾಷೆಗೆ ಹೇಳಿದೆ’ ಎಂಬ ಸಮಜಾಯಿಷಿ ಅಲ್ಲಿ ನಡೆಯದು. ನಮ್ಮ ಓಣಿಗೆ ಹೊಸದಾಗಿ ಬಾಡಿಗೆಗೆ ಬಂದವರಿದ್ದರೆ ಒಂದು ಸಂಜೆ ಚಹಾಕ್ಕೆ ಕರೆಯೋಣ. ಮೊದಲ ತಮಾಷೆ ಅವರೇ ಮಾಡಲಿ, ಬೇಕಾದರೆ ನಮ್ಮ ಮೇಲೆಯೇ.