ಬಿಲ್ಲಿನ ಗಂಟು

ಸ್ವಭಾವದಲ್ಲಿರುವ ದೋಷವನ್ನು ಕಡಿದೊಗೆಯಬೇಕೆ, ಸೈರಿಸಿಕೊಳ್ಳಬೇಕೆ? ಗೃಹಸ್ಥನನ್ನು ನಿತ್ಯವೂ ಕಾಡುವ ಪ್ರಶ್ನೆಯಿದು. ಮಗನ ಹಠ, ಅಣ್ಣನ ಮುಂಗೋಪ, ಸ್ವತಃ ತನ್ನದೇ ಬಿರುನುಡಿ: ಇವುಗಳೊಡನೆ ಬಾಳುವ ಬಗೆ ಹೇಗೆ? ಬಿಲ್ಲು ಮಾಡುವವನ ಕಾಯಕವು ಇದಕ್ಕೊಂದು ದೃಷ್ಟಾಂತವನ್ನು ಒದಗಿಸುತ್ತದೆ.

ಇಂಗ್ಲೆಂಡಿನ ‘ಮೇರಿ ರೋಸ್’ ಎಂಬ ಯುದ್ಧನೌಕೆ 1545ರಲ್ಲಿ ಮುಳುಗಿ, 1982ರಲ್ಲಿ ಮೇಲೆತ್ತಲ್ಪಟ್ಟಿತು. ಅದರ ಅವಶೇಷಗಳಲ್ಲಿ ಯೂ ಎಂಬ ಮರದ ನೂರಕ್ಕೂ ಮಿಗಿಲಾದ ಬಿಲ್ಲುಗಳು ದೊರೆತವು. ನೌಕೆ ಮುಳುಗಿದ ವರ್ಷದಲ್ಲಿಯೇ ರೋಜರ್ ಆಸ್ಕಮ್ ಎಂಬ ವಿದ್ವಾಂಸನು ಬಿಲ್ವಿದ್ಯೆಯನ್ನು ಕುರಿತ ತನ್ನ ಗ್ರಂಥದಲ್ಲಿ, ಗಂಟಿಲ್ಲದ ಬಿಲ್ಲನ್ನು ಆರಿಸಿಕೊಳ್ಳಬೇಕೆಂದು ಕೊಳ್ಳುವವನಿಗೆ ತಿಳಿಸಿದನು. ಆದರೆ ಯೂ ಮರವು ಗಂಟುಗಳಿಗೆ ಹೆಸರಾದುದು. ಕೊಳ್ಳುವವನಿಗೆ ಆಯ್ಕೆಯುಂಟು, ಮಾಡುವವನಿಗೆ ದೊರೆತ ಮರವೇ ಮರ. ಸಂಸಾರದಲ್ಲಿ ನಾವು ಕೊಳ್ಳುವವರಲ್ಲ, ಮಾಡುವವರು.

ಗಂಟೆಂದರೇನು? ಕೊಂಬೆಯೊಡೆದ ಸ್ಥಾನವೇ ಗಂಟು. ನೇರವಾಗಿ ಸಾಗಿಬಂದ ಮರದ ಎಳೆಗಳು, ಹೊಳೆಯ ನೀರು ಬಂಡೆಯನ್ನು ಬಳಸುವಂತೆ, ಅಲ್ಲಿ ಇಬ್ಬದಿಗೆ ಸರಿದು ಮುಂದೆ ಮತ್ತೆ ಕೂಡುತ್ತವೆ. ಬಿಲ್ಲು ಬಾಗಿದಾಗ ಗುರಿಯ ಕಡೆಗಿರುವ ಬೆನ್ನು ಸೆಳೆತಕ್ಕೂ, ಬಿಲ್ಲಾಳಿನ ಕಡೆಗಿರುವ ಒಳಮೈ ಒತ್ತಡಕ್ಕೂ ಒಳಗಾಗುವುದು. ಬೆನ್ನಿನ ಗಂಟನ್ನು ಸಮಮಾಡುವೆನೆಂದು ಹೆರೆದರೆ ಬಳಸಿಬಂದ ಎಳೆಗಳು ತುಂಡಾಗಿ, ಹೆದೆಯನ್ನು ಸೆಳೆದಾಗ ಬಿಲ್ಲು ಅಲ್ಲಿಯೇ ಮುರಿಯುವ ಭಯವುಂಟು. ಆದುದರಿಂದ ಬಲ್ಲವನು ಎಳೆಗಳ ಜಾಡನ್ನೇ ಅನುಸರಿಸಿ, ಗಂಟಿನ ಸುತ್ತ ಕೊಂಚ ಹೆಚ್ಚು ಮರವನ್ನು ಉಳಿಸುತ್ತಾನೆ. ಬಿಲ್ಲು ಅಲ್ಲಿ ಉಬ್ಬಿರಬಹುದು, ಅಂಚು ಡೊಂಕಾಗಿರಬಹುದು. ಬಲ ಮಾತ್ರ ಕುಂದುವುದಿಲ್ಲ.

ಮನುಷ್ಯನ ಸ್ವಭಾವದ ಗಂಟೂ ಇಂತಹುದೇ. ಬಾಲ್ಯದ ಬಡತನದಿಂದ ಬಂದ ಜಿಪುಣತನ, ಅವಮಾನದಿಂದ ಹುಟ್ಟಿದ ಮುಂಗೋಪ, ಇವು ಜೀವವು ಬೆಳೆದ ಗುರುತುಗಳು. ನಾಲ್ವರ ಮುಂದೆ ಹಂಗಿಸಿ ಒಂದೇ ಪೆಟ್ಟಿಗೆ ಸಮಮಾಡಹೊರಟರೆ ದೋಷದೊಡನೆ ಪ್ರೀತಿಯ ಎಳೆಯೂ ಕಡಿದುಹೋಗುವುದು. ಗಂಟಿರುವೆಡೆ ಹೆಚ್ಚು ಮರ ಬೇಕಾದಂತೆ, ದೋಷವಿರುವೆಡೆ ಹೆಚ್ಚು ತಾಳ್ಮೆ ಬೇಕು.

ಹಾಗಾದರೆ ದುರ್ಗುಣಕ್ಕೆ ಆಶ್ರಯ ಕೊಟ್ಟಂತಾಗಲಿಲ್ಲವೆ ಎಂದು ಸದ್ಭಕ್ತರು ಶಂಕಿಸಬಹುದು. ಇಲ್ಲಿ ವಿವೇಕ ಬೇಕು. ಗಟ್ಟಿಗಂಟು ಬೇರೆ, ಕೊಳೆತ ಗಂಟು ಬೇರೆ. ಕೊಳೆತ ತಿರುಳನ್ನು ಕೆತ್ತಿ ತೆಗೆಯಲೇಬೇಕು. ಆದರೆ ಅದರ ಇಕ್ಕೆಲದಲ್ಲಿ ಒಳ್ಳೆಯ ಮರವನ್ನು ಅಗಲವಾಗಿ ಬಿಡಬೇಕು. ಕಳವು, ಹುಸಿ, ಹಿಂಸೆಗಳು ಕೊಳೆತ ತಿರುಳು. ಅವಕ್ಕೆ ಸೈರಣೆ ಸಲ್ಲದು. ಅವನ್ನು ತೆಗೆಯುವಾಗಲೂ ಆ ವ್ಯಕ್ತಿಗೆ ಮನೆಯವರ ಆಸರೆ ತಪ್ಪಬಾರದು. ಮೇಲಾಗಿ, ಗಂಟಿದೆಯೆಂದು ಬಿಲ್ಲಿಗೆ ಬಾಗುವ ಕೆಲಸದಿಂದ ಬಿಡುಗಡೆಯಿಲ್ಲ. ಸ್ವಲ್ಪಸ್ವಲ್ಪವೇ ಬಾಗಿಸಿ, ಎರಡು ತುದಿಗಳೂ ಸಮನಾಗಿ ಬಾಗುವವೆ ಎಂದು ನೋಡಿ, ಹೆರೆದು, ಮತ್ತೆ ಬಾಗಿಸಿ, ಭಾರವು ಒಂದೇ ಕಡೆ ಬೀಳದಂತೆ ಮಾಡುತ್ತಾರೆ. ಮುಂಗೋಪಿಗೂ ಕಾಯಕವುಂಟು, ದಾಸೋಹವುಂಟು. ಅವನ ಶಕ್ತಿಯನ್ನರಿತು ಹೊಣೆಯನ್ನು ಕ್ರಮವಾಗಿ ಏರಿಸುವುದು ಹಿರಿಯರ ಧರ್ಮ.

ಬಾಚಿ ಹಿಡಿದು ಬಡಗಿಯ ಕಾಯಕ ಮಾಡಿದ ಬಸವಯ್ಯನವರೂ ನಮ್ಮ ಶರಣರಲ್ಲೊಬ್ಬರು. ಕಾಯಕವು ಕೈಗೆ ಮಾತ್ರವಲ್ಲದೆ ಮನಸ್ಸಿಗೂ ಶಿಕ್ಷಣವೆಂಬುದನ್ನು ಶರಣರ ಬಾಳು ತೋರಿಸುತ್ತದೆ. ಲೋಕವನ್ನು ತಿದ್ದಹೊರಡುವವನು ಮೊದಲು ತನ್ನನ್ನು ತಿದ್ದಿಕೊಳ್ಳಬೇಕೆಂಬುದು ಬಸವಣ್ಣನವರ ಬೋಧೆಯಲ್ಲವೆ? ತನ್ನ ಗಂಟನ್ನು ತಾನು ಬಲ್ಲವನ ಕೈಯಲ್ಲಿ ಬಾಚಿ ಮೆಲ್ಲನೆ ಆಡುವುದು. ಶಿವನು ಕೊಟ್ಟ ಮರವನ್ನು ಮುರಿಯದೆ ಬಿಲ್ಲಾಗಿಸುವ ಜಾಣ್ಮೆ ಮನೆಮನೆಯಲ್ಲಿಯೂ ನೆಲೆಸಲಿ.