ಅತಿಥಿಯು ತರಗತಿಯನ್ನು ಹೊಕ್ಕಾಗ

ಕೊಡುವವನ ಸಂಕಲ್ಪವು ಶುದ್ಧವಾಗಿದ್ದರೆ ಸಾಕೇ, ಅಥವಾ ಪಡೆಯುವವನ ಮೇಲೆ ಆಗುವ ಪರಿಣಾಮವನ್ನೂ ಅವನು ವಿಚಾರಿಸಬೇಕೇ? ಧನದ ವಿಷಯದಲ್ಲಿ ಈ ಪ್ರಶ್ನೆಯನ್ನು ನಾವು ಆಗಾಗ ಎತ್ತುತ್ತೇವೆ. ವಿದ್ಯೆಯ ವಿಷಯದಲ್ಲಿ ಎತ್ತುವುದು ಅಪರೂಪ. ವಿದ್ಯಾದಾನದಿಂದ ಯಾರಿಗೂ ಕೇಡಾಗದೆಂಬ ನಂಬಿಕೆಯೇ ಇದಕ್ಕೆ ಕಾರಣ. ನೇಪಾಳದ ಪ್ರೌಢಶಾಲೆಗಳಿಗೆ ಭೇಟಿ ನೀಡುವ ವಿದೇಶೀ ಶಿಕ್ಷಕರ ನಿದರ್ಶನದಿಂದ ಈ ನಂಬಿಕೆಯನ್ನು ಪರೀಕ್ಷಿಸಬಹುದು.

ನೇಪಾಳಕ್ಕೆ ಇಂತಹ ಅತಿಥಿಗಳು ಹೊಸಬರಲ್ಲ. ಅಮೆರಿಕದ ಪೀಸ್ ಕೋರ್ ಸಂಸ್ಥೆಯ ಮೊದಲ ಸ್ವಯಂಸೇವಕರು 1962ರಲ್ಲಿಯೇ ಅಲ್ಲಿಗೆ ಬಂದರು. ಆ ಬಳಿಕ ಬಂದವರಲ್ಲಿ ಅನೇಕರು ಇಂಗ್ಲಿಷ್, ಗಣಿತ, ವಿಜ್ಞಾನಗಳನ್ನು ಬೋಧಿಸಿದರು. ಅವರು ಮೊದಲು ನೇಪಾಳಿ ಭಾಷೆಯನ್ನು ಅಭ್ಯಾಸ ಮಾಡಿ, ಸುಮಾರು ಎರಡು ವರ್ಷ ಊರವರ ನಡುವೆಯೇ ವಾಸಿಸುತ್ತಿದ್ದರು. ಇಂದು ಮತ್ತೊಂದು ಬಗೆಯ ಭೇಟಿಯೂ ಬೆಳೆದಿದೆ. ರಜೆಯಲ್ಲಿ ಬಂದವರು ಶಾಲೆಯಲ್ಲಿ ಕೆಲವು ದಿನ, ಕೆಲವೊಮ್ಮೆ ಕೆಲವೇ ಗಂಟೆ ಕಳೆದು ಹಿಂದಿರುಗುತ್ತಾರೆ.

ಹತ್ತನೆಯ ತರಗತಿಯಲ್ಲಿ ಬೀಜಗಣಿತದ ಪಾಠ ನಡೆಯುತ್ತಿದೆಯೆಂದು ಭಾವಿಸೋಣ. ಅತಿಥಿಗಳು ಬಾಗಿಲಲ್ಲಿ ಕಾಣಿಸುತ್ತಲೇ ಮಕ್ಕಳೆಲ್ಲ ಎದ್ದು ಕೈಮುಗಿಯುತ್ತಾರೆ. ಅಧ್ಯಾಪಕರು ಸೀಮೆಸುಣ್ಣವನ್ನು ಅತಿಥಿಯ ಕೈಗಿತ್ತು ಗೋಡೆಯ ಬದಿಗೆ ಸರಿಯುತ್ತಾರೆ. ಒಂದು ಹಾಡು, ಒಂದು ಆಟ, ಛಾಯಾಚಿತ್ರಗಳು, ಪೆನ್ಸಿಲುಗಳ ಹಂಚಿಕೆ. ಎಲ್ಲರೂ ನಗುತ್ತಾರೆ, ಗಂಟೆ ಬಾರಿಸುತ್ತದೆ. ಕಪ್ಪುಹಲಗೆಯ ಮೇಲಿನ ಸಮೀಕರಣವು ಅರ್ಧಕ್ಕೇ ಅಳಿಸಿಹೋಗಿರುತ್ತದೆ. ಆ ಮಕ್ಕಳ ಮುಂದಾದರೋ ಹತ್ತನೆಯ ತರಗತಿಯ ಸಾರ್ವತ್ರಿಕ ಪರೀಕ್ಷೆಯಿದೆ. ಹಿಂದೆ ಎಸ್.ಎಲ್.ಸಿ. ಎಂಬ ಹೆಸರಿದ್ದ ಆ ಪರೀಕ್ಷೆಯನ್ನು ಅಲ್ಲಿಯ ಜನರು 'ಕಬ್ಬಿಣದ ಬಾಗಿಲು' ಎಂದೇ ಕರೆಯುತ್ತಿದ್ದರು.

ಒಂದು ಪಾಠದ ನಷ್ಟವನ್ನು ಮರುದಿನ ತುಂಬಿಕೊಳ್ಳಬಹುದು. ತುಂಬಲಾಗದ ನಷ್ಟ ಇನ್ನೊಂದುಂಟು. ಗೋಡೆಯ ಬದಿಗೆ ಸರಿದ ಅಧ್ಯಾಪಕರನ್ನು ಮಕ್ಕಳು ನೋಡಿದ್ದಾರೆ. ಮನೆಯಲ್ಲಿ ತಾಮಾಂಗ್, ಮಗರ್, ಥಾರು ಅಥವಾ ಮೈಥಿಲಿಯನ್ನಾಡುವ ಎಷ್ಟೋ ಮಕ್ಕಳಿಗೆ ನೇಪಾಳಿಯೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಮಗುವಿಗೆ ಎಲ್ಲಿ ಅರ್ಥವಾಗಲಿಲ್ಲವೆಂಬುದನ್ನು ಅದರ ಮುಖದಿಂದಲೇ ಅರಿತು, ಬೇರೊಂದು ಮಾತಿನಲ್ಲಿ ತಿಳಿಯಹೇಳುವ ಸಾಮರ್ಥ್ಯವು ವರ್ಷಗಳ ಸಹವಾಸದಿಂದ ಬಂದದ್ದು. ಅದು ಅತಿಥಿಗಿಲ್ಲ. ಆದರೂ ಇಂಗ್ಲಿಷಿನ ಉಚ್ಚಾರಣೆಯೊಂದರಿಂದಲೇ ಅತಿಥಿಯು ದೊಡ್ಡವನೆನಿಸಿ, ಊರಿನ ಗುರುವು ಚಿಕ್ಕವನೆನಿಸಿದರೆ ಮಕ್ಕಳು ಆ ದಿನ ಕಲಿತದ್ದೇನು? ತಮ್ಮವರು ಕಡಿಮೆಯೆಂಬ ಪಾಠವನ್ನಲ್ಲವೇ? ಅದನ್ನು ಯಾರೂ ಉದ್ದೇಶಪೂರ್ವಕವಾಗಿ ಕಲಿಸಲಿಲ್ಲ. ಆದರೆ ಉದ್ದೇಶವಿರಲಿಲ್ಲವೆಂಬುದರಿಂದ ಹೊಣೆ ತಪ್ಪುವುದಿಲ್ಲ.

ಹಾಗೆಂದ ಮಾತ್ರಕ್ಕೆ ಬಾಗಿಲನ್ನು ಮುಚ್ಚಬೇಕೆಂದು ಹೇಳಿದಂತಾಗದು. ದೂರದೇಶದವರ ಮಾತನ್ನು ಕಿವಿಯಾರೆ ಕೇಳುವುದು, ಭೂಪಟದಲ್ಲಿ ಕಂಡ ನಾಡೊಂದರಿಂದ ಬಂದವರನ್ನು ಪ್ರಶ್ನಿಸುವುದು ಮಕ್ಕಳಿಗೆ ನಿಜವಾದ ಲಾಭ. ಅಧ್ಯಾಪಕರಿಗೂ ಸಹೋದ್ಯೋಗಿಯೊಬ್ಬರೊಡನೆ ವಿಚಾರವಿನಿಮಯದ ಅವಕಾಶ ದೊರೆಯುತ್ತದೆ. ಪ್ರಶ್ನೆಯಿರುವುದು ಭೇಟಿಯ ಬಗೆಯಲ್ಲಿ.

ತಿಥಿಯನ್ನು ಗೊತ್ತುಪಡಿಸದೆ ಬರುವವನೇ ಅತಿಥಿಯೆಂದು ಹಿರಿಯರು ಆ ಪದವನ್ನು ಬಿಡಿಸುತ್ತಾರೆ. ಮನೆಗೆ ಅದು ಒಪ್ಪುತ್ತದೆ. ಶಾಲೆಯಾದರೋ ವೇಳಾಪಟ್ಟಿಯಿಂದಲೇ ನಡೆಯುವ ಸ್ಥಳ. ಅಲ್ಲಿ ಅತಿಥಿಯು ಮೊದಲೇ ತಿಳಿಸಿ, ಅಧ್ಯಾಪಕರ ಅನುಕೂಲವನ್ನು ಕೇಳಿ ಬರಬೇಕು. ಮೊದಲ ದಿನ ಕೊನೆಯ ಬೆಂಚಿನಲ್ಲಿ ಕುಳಿತು ಅವರ ಪಾಠವನ್ನು ಕೇಳಬೇಕು. ಏನಾದರೂ ಕಲಿಸುವುದಿದ್ದರೆ, ನಡೆಯುತ್ತಿರುವ ಪಾಠದೊಳಗೇ ಅವರು ತೋರಿಸಿದ ಸ್ಥಳದಲ್ಲಿ ಕಲಿಸಬೇಕು. ಮಕ್ಕಳ ಚಿತ್ರವನ್ನು ತೆಗೆಯುವ ಮುನ್ನ ಅನುಮತಿ ಪಡೆಯಬೇಕು.

ಕೊಡುವುದಕ್ಕಾಗಿ ಸಾವಿರಾರು ಮೈಲಿ ಬಂದವನಿಗೆ ಕೊನೆಯ ಬೆಂಚಿನಲ್ಲಿ ಸುಮ್ಮನೆ ಕುಳಿತುಕೊಳ್ಳುವುದು ಕಷ್ಟವೇ ಸರಿ. ಆದರೆ ತಾನು ಹೊರಟುಹೋದ ಮರುದಿನ ಆ ಅಧ್ಯಾಪಕರು ತರಗತಿಗೆ ಬಂದಾಗ, ಮಕ್ಕಳ ಕಣ್ಣಿನಲ್ಲಿ ಅವರ ಗೌರವವು ಮೊದಲಿಗಿಂತ ಹೆಚ್ಚಿರಬೇಕು. ಕಡೆಯ ಪಕ್ಷ ಅಷ್ಟೇ ಉಳಿದಿರಬೇಕು. ವಿದ್ಯಾದಾನದ ಶುದ್ಧಿಯನ್ನು ಅಳೆಯಬೇಕಾದುದು ಆ ಮರುದಿನದಿಂದ.