ಇಪ್ಪತ್ತೊಂಬತ್ತು ಅಂಕಗಳ ಸಂಖ್ಯೆಯೂ ಪರಿಗ್ರಹದ ಮಿತಿಯೂ

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸುವ ಶ್ರಾವಕನು ತನ್ನಲ್ಲಿರುವುದಕ್ಕಿಂತ ನೂರು ಪಟ್ಟು ಹೆಚ್ಚಿನ ಮಿತಿಯನ್ನು ಇರಿಸಿಕೊಂಡರೆ ಅದು ವ್ರತವೆನಿಸುವುದೇ? ಲಕ್ಷ ರೂಪಾಯಿಯ ಒಡೆಯನು ಕೋಟಿಯ ಮಿತಿಯನ್ನು ಹೇಳಿದರೆ ಕೇಳಿದವರು ನಗುವುದು ಸಹಜ. ಆದರೆ ನಗುವ ಮೊದಲು ಜೈನಾಚಾರ್ಯರ ಗಣಿತವನ್ನು ಕೇಳಿ ನೋಡುವುದು ಉಚಿತ.

ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಅಕ್ಷರಸಂಜ್ಞೆಗಳ ಮೂಲಕ ಒಂದೇ ಗಾಹೆಯಲ್ಲಿ ಅಡಕಗೊಳಿಸಿದ್ದಾರೆ. ಎರಡರ ವರ್ಗ 4, ಅದರ ವರ್ಗ 16, ಅನಂತರ 256, 65,536, ಐದನೆಯದು 4,29,49,67,296. ಈ ಐದನೆಯ ವರ್ಗದ ಘನವೇ 79228162514264337593543950336. ಇದನ್ನು ಇಂದಿನ ಜನಗಣತಿಯೊಡನೆ ಹೋಲಿಸಹೊರಡುವುದು ಅಪ್ರಸ್ತುತ. ಅದು ಎರಡೂವರೆ ದ್ವೀಪಗಳ ಮನುಷ್ಯಲೋಕದ ಮಾತು.

ಸಂಖ್ಯೆಯ ಗುಣಗಳು ಸ್ವಾರಸ್ಯಕರವಾಗಿವೆ. ಅದು ವರ್ಗವೂ ಹೌದು, ಘನವೂ ಹೌದು. ಒಂದನ್ನು ಬಿಟ್ಟರೆ ಯಾವ ಬೆಸಸಂಖ್ಯೆಯೂ ಅದನ್ನು ನಿಶ್ಶೇಷವಾಗಿ ಭಾಗಿಸಲಾರದು. 6 ಎಂಬುದು ತನ್ನ ಭಾಜಕಗಳಾದ 1, 2, 3ರ ಮೊತ್ತಕ್ಕೆ ಸಮನಾಗಿ ಪರಿಪೂರ್ಣವೆನಿಸಿದರೆ, ಈ ಮಹಾಸಂಖ್ಯೆಯು ತನ್ನನ್ನು ಬಿಟ್ಟು ಉಳಿದ ಭಾಜಕಗಳೆಲ್ಲವನ್ನೂ ಕೂಡಿಸಿದರೂ ಕೇವಲ ಒಂದರಿಂದ ಕೊರತೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಅದರ ಅರ್ಧಚ್ಛೇದ. ಒಂದು ರಾಶಿಯನ್ನು ಎಷ್ಟು ಸಲ ಅರ್ಧಿಸಿದರೆ ಒಂದು ಉಳಿಯುವುದೋ ಆ ಎಣಿಕೆಗೆ ವೀರಸೇನಾಚಾರ್ಯರ ಧವಲಾ ಟೀಕೆಯಲ್ಲಿ ಈ ಹೆಸರು. ಮೂಡುಬಿದಿರೆಯ ಓಲೆಗರಿಗಳಲ್ಲಿ ಉಳಿದು ಬಂದ ಗ್ರಂಥವದು. ಇಪ್ಪತ್ತೊಂಬತ್ತು ಅಂಕಗಳ ಈ ಬೆಟ್ಟದ ಅರ್ಧಚ್ಛೇದ ಬರಿಯ 96! ತೊಂಬತ್ತೈದನೆಯ ಹೆಜ್ಜೆಯಲ್ಲಿ ಎರಡು ಉಳಿಯುತ್ತದೆ. ಆಗಮಗಣಿತದಲ್ಲಿ ಅದೇ ಜಘನ್ಯ ಸಂಖ್ಯಾತ. ಒಂದನ್ನು ಆಚಾರ್ಯರು ಸಂಖ್ಯೆಯೆಂದೇ ಗಣಿಸಲಿಲ್ಲ.

ಹೀಗೆ ಕಣ್ಣು ಕತ್ತಲೆಗೊಳಿಸುವ ಈ ರಾಶಿಯೂ ಸಂಖ್ಯಾತದ ಮಧ್ಯಮ ಭೇದಕ್ಕೇ ಸೇರಿದುದು. ಅದರಾಚೆಗೆ ಅಸಂಖ್ಯಾತದ ಒಂಬತ್ತು, ಅನಂತದ ಒಂಬತ್ತು ಭೇದಗಳಿವೆ. ಅನಂತಕಾಲ ವ್ಯಯವಾಗುತ್ತಿದ್ದರೂ ಮುಗಿಯದ ರಾಶಿಯೇ ಅನಂತವೆಂಬುದು ಧವಲಾದ ನಿರೂಪಣೆ. ಅಂಥದನ್ನು ಅರ್ಧಿಸಿ ಫಲವೇನು? ಮಿತಿಯಿಲ್ಲದ ಇಚ್ಛೆಯ ಪಾಡೂ ಅದೇ. ಸಾವಿರ ದಾನಮಾಡಿದರೂ, ಲಕ್ಷ ದಾನಮಾಡಿದರೂ ಅದು ಮೊದಲಿದ್ದಷ್ಟೇ ಇರುತ್ತದೆ. ಕೋಟಿಯೆಂದು ನುಡಿದವನಾದರೋ, ಎಷ್ಟೇ ಸಡಿಲವಾಗಿದ್ದರೂ, ತನ್ನ ಇಚ್ಛೆಯನ್ನು ಅನಂತದಿಂದ ಸಂಖ್ಯಾತಕ್ಕೆ ಇಳಿಸಿದ್ದಾನೆ. ಆದುದರಿಂದ ಅವನದು ವ್ರತವೇ ಸರಿ. ಆದರೆ ಅಲ್ಲಿಯೇ ನಿಂತು ವ್ರತಿಯೆಂಬ ಹೆಸರನ್ನು ಹೊತ್ತು ತಿರುಗುವುದು ಶೋಭಿಸದು, ಅಂಥವರೂ ಇಲ್ಲದಿಲ್ಲ.

ಆ ಶ್ರಾವಕನು ಪ್ರತಿ ದಶಲಕ್ಷಣ ಪರ್ವದಲ್ಲಿ ತನ್ನ ಮಿತಿಯನ್ನು ಅರ್ಧಿಸಿಕೊಳ್ಳಲಿ. ಮೊದಲ ವರ್ಷ 50 ಲಕ್ಷ, ಮರುವರ್ಷ 25 ಲಕ್ಷ. ಆರನೆಯ ವರ್ಷಕ್ಕೆ ಅದು 1,56,250. ಅಲ್ಲಿಯವರೆಗೆ ಅವನ ಪೆಟ್ಟಿಗೆಯಿಂದ ಒಂದು ಕಾಸೂ ಹೊರಬೀಳದು. ಏಳನೆಯ ಪರ್ವದಲ್ಲಿ ಮಿತಿ 78,125ಕ್ಕೆ ಬರುತ್ತದೆ. ಅವನಲ್ಲಿ ಲಕ್ಷವೇ ಇದ್ದರೆ, ಅಂದು 21,875 ರೂಪಾಯಿಗಳನ್ನು ಎಣಿಸಿ ಹೊರಗಿಡಬೇಕಾಗುತ್ತದೆ.